ಹಾಡಿನೊಡನೆ ಬಂದ ಗೂಢಚಾರ

ಮನೆಗೆ ಬರುವ ವಸ್ತುಗಳಲ್ಲಿ ಎರಡು ಬಗೆಯುಂಟು. ಬಂದು ತನ್ನ ಕೆಲಸವನ್ನಷ್ಟೇ ಮಾಡಿಕೊಂಡಿರುವುದು ಒಂದು ಬಗೆ. ಬಂದ ಮೇಲೆ ಮನೆಯವರ ಮೇಲೆಯೇ ಕಣ್ಣಿಡುವುದು ಇನ್ನೊಂದು ಬಗೆ. ನಿಮ್ಮ ನಡುಮನೆಯ ರೇಡಿಯೋ ಮೊದಲನೆಯ ಬಗೆಗೆ ಸೇರಿದುದು. ನಿಲಯದವರು ಹೇಳಿದುದನ್ನು ಅದು ನಿಮಗೆ ಕೇಳಿಸುತ್ತದೆ. ನೀವು ಆಡಿದುದನ್ನು ನಿಲಯಕ್ಕೆ ಮುಟ್ಟಿಸುವುದಿಲ್ಲ. ಕಚೇರಿಯ ನಡುವೆ ನೀವು ಗುಂಡಿ ತಿರುಗಿಸಿ ಬೇರೊಂದು ನಿಲಯಕ್ಕೆ ಹೋದರೂ ಹಾಡುತ್ತಿರುವ ವಿದ್ವಾಂಸರಿಗೆ ಅದು ತಿಳಿಯದು. ನಿಮ್ಮ ಅಭಿಪ್ರಾಯ ಬೇಕಾದರೆ ನಿಲಯದವರು ನಿಮ್ಮ ಕಾಗದಕ್ಕಾಗಿ ಕಾದಿರಬೇಕು. ಗ್ರಾಮಫೋನ್ ತಟ್ಟೆಯೂ ಅಷ್ಟೇ ಸಾಧು. ನೂರು ಸಲ ಹಾಕಿದರೂ, ಹಾಕದೆ ಅಟ್ಟಕ್ಕೆ ಎಸೆದರೂ, ಮಾರಿದವನಿಗೆ ಅದು ಸುದ್ದಿ ಕೊಡುವುದಿಲ್ಲ.

ಗಣಕಯಂತ್ರದ ಸ್ವಭಾವವೇ ಬೇರೆ. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಯಾವ ಆಜ್ಞಾವಳಿ ಒಳಹೊಕ್ಕರೆ ಅದರಂತೆ ಕುಣಿಯುವುದು ಅದರ ಧರ್ಮ. ಈ ಆಜ್ಞಾವಳಿಯನ್ನೇ ನಾವು ತಂತ್ರಾಂಶ ಎನ್ನುತ್ತೇವೆ. ದೂರವಾಣಿಯ ತಂತಿ ಸೇರಿದ್ದರೆ ಗಣಕವು ಹೊರಗಿನಿಂದ ಕೇಳಲೂ ಬಲ್ಲುದು, ಹೊರಕ್ಕೆ ಹೇಳಲೂ ಬಲ್ಲುದು. ಹಾಗಾದರೆ ಹಣ ಕೊಟ್ಟು ಕೊಂಡು, ನಮ್ಮ ಮನೆಯ ಮೇಜಿನ ಮೇಲೆ ಇಟ್ಟುಕೊಂಡಿರುವ ಆ ಯಂತ್ರಕ್ಕೆ ಆಜ್ಞೆ ಕೊಡುವ ಯಜಮಾನರು ಯಾರು? ಈ ಪ್ರಶ್ನೆ 2005ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಬಲು ದೊಡ್ಡದಾಗಿ ಎದ್ದಿತು. ಅದನ್ನು ಎಬ್ಬಿಸಿದುದು ಯಾವ ಶತ್ರುರಾಷ್ಟ್ರವೂ ಅಲ್ಲ, ಕಳ್ಳರ ಗುಂಪೂ ಅಲ್ಲ. ಅಂಗಡಿಯಲ್ಲಿ ಬೆಲೆ ಕೊಟ್ಟು ತಂದ ಒಂದು ಹಾಡಿನ ತಟ್ಟೆ. ಸಂಗೀತಪ್ರಿಯರಾದ ತಾವು ಕೇಳತಕ್ಕ ಕಥೆಯೆಂದು ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಹಿನ್ನೆಲೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಎಂಬ ಹೊಳಪಿನ ತಟ್ಟೆಯಲ್ಲಿ ಹಾಡು ಅಂಕಿಗಳ ರೂಪದಲ್ಲಿ ಇರುತ್ತದೆ. ಅಂಕಿಗಳನ್ನು ನಕಲು ಮಾಡುವುದು ಗಣಕಕ್ಕೆ ನೀರು ಕುಡಿದಷ್ಟು ಸುಲಭ. ನಕಲಿಗೂ ಮೂಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರದು. 1999ರಲ್ಲಿ ನ್ಯಾಪ್‌ಸ್ಟರ್ ಎಂಬ ಏರ್ಪಾಡು ಹುಟ್ಟಿ, ಜನರು ಹಾಡುಗಳನ್ನು ಕಾಸಿಲ್ಲದೆ ಒಬ್ಬರಿಗೊಬ್ಬರು ಕಳಿಸಿಕೊಳ್ಳತೊಡಗಿದರು. ಧ್ವನಿಮುದ್ರಣದ ಕಂಪನಿಗಳಿಗೆ ಗಾಬರಿಯಾಯಿತು. ಹಾಡಿದವರಿಗೂ ಹಾಡಿಸಿದವರಿಗೂ ಬರಬೇಕಾದ ಹಣ ಬರದೆ ಹೋಗುವುದು ಅನ್ಯಾಯವೇ ಸರಿ; ಆ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಲಿಯ ಕಾಟಕ್ಕೆ ಮನೆಗೆ ಬೆಂಕಿ ಇಟ್ಟರು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಸೋನಿ ಬಿ.ಎಂ.ಜಿ. ಎಂಬುದು ಆಗ ಜಗತ್ತಿನ ಅತಿ ದೊಡ್ಡ ಸಂಗೀತ ಕಂಪನಿಗಳಲ್ಲಿ ಒಂದು. ಅದು ಇಂಗ್ಲೆಂಡಿನ ಫಸ್ಟ್ ಫೋರ್ ಇಂಟರ್‌ನೆಟ್ ಎಂಬ ಸಂಸ್ಥೆಯಿಂದ ಎಕ್ಸ್.ಸಿ.ಪಿ. ಎಂಬ ತಂತ್ರಾಂಶವನ್ನು ಪಡೆದು, 2005ರಲ್ಲಿ ಐವತ್ತೆರಡು ಸಂಗೀತಸಂಪುಟಗಳ ತಟ್ಟೆಗಳಲ್ಲಿ ಹಾಡಿನ ಪಕ್ಕದಲ್ಲಿ ಸೇರಿಸಿತು. ಸಾಧಾರಣ ಸಿ.ಡಿ. ಪೆಟ್ಟಿಗೆಯಲ್ಲಿ ಹಾಕಿದರೆ ಬಾಧಕವಿಲ್ಲ. ಹಾಡು ಕೇಳುತ್ತದೆ, ಮುಗಿಯುತ್ತದೆ. ವಿಂಡೋಸ್ ಎಂಬ ವ್ಯವಸ್ಥೆಯುಳ್ಳ ಗಣಕಕ್ಕೆ ಹಾಕಿದಾಗ ಮಾತ್ರ ತೆರೆಯ ಮೇಲೆ ಒಂದು ಒಪ್ಪಂದದ ಪತ್ರ ಮೂಡುತ್ತಿತ್ತು. ಅದಕ್ಕೆ ಒಪ್ಪಿಗೆಯೊತ್ತಿದರೆ ಹಾಡು ನುಡಿಸುವ ಒಂದು ಸಾಧನ ನೆಲೆಗೊಳ್ಳುತ್ತಿತ್ತು. ಮೂರು ನಕಲುಗಳಿಗಿಂತ ಹೆಚ್ಚು ತೆಗೆಯಲು ಅದು ಬಿಡುತ್ತಿರಲಿಲ್ಲ. ಇಷ್ಟು ಕೊಂಡವರಿಗೆ ಗೊತ್ತಿತ್ತು. ಅದರ ಬೆನ್ನ ಹಿಂದೆ ಇನ್ನೊಬ್ಬ ಅತಿಥಿ ಒಳಸೇರುತ್ತಾನೆಂಬುದು ಒಪ್ಪಂದದಲ್ಲಿ ಬರೆದಿರಲಿಲ್ಲ.

ಆ ಅತಿಥಿಯನ್ನು ಲೋಕದ ಮುಂದೆ ನಿಲ್ಲಿಸಿದವರು ಮಾರ್ಕ್ ರುಸಿನೋವಿಚ್ ಎಂಬ ಅಮೆರಿಕದ ಗಣಕತಜ್ಞರು. ಗಣಕದಲ್ಲಿ ಅಡಗಿರುವುದನ್ನು ಹುಡುಕುವ ಒಂದು ಶೋಧಕವನ್ನು ಅವರೇ ಸಿದ್ಧಪಡಿಸಿದ್ದರು. ಅದನ್ನು ತಮ್ಮ ಸ್ವಂತ ಯಂತ್ರದ ಮೇಲೆ ಓಡಿಸಿದಾಗ, ತಾವು ಇಡದ ಕೆಲವು ಕಡತಗಳು ಒಳಗೆ ಮುಸುಕು ಹಾಕಿಕೊಂಡು ಕೂತಿರುವುದು ಕಂಡುಬಂತು. ಜಾಡು ಹಿಡಿದು ಹೋದರೆ ಅದು ಮುಟ್ಟಿದುದು ವ್ಯಾನ್ ಜಾಂಟ್ ಸಹೋದರರ ಹಾಡುಗಳ ಒಂದು ಸಿ.ಡಿ.ಗೆ! 2005ರ ಅಕ್ಟೋಬರ್ 31ರಂದು ಅವರು ತಾವು ಕಂಡುದೆಲ್ಲವನ್ನೂ ವಿವರವಾಗಿ ಬರೆದು ಪ್ರಕಟಿಸಿದರು.

ಮುಸುಕಿನ ಗುಟ್ಟು ಇಷ್ಟೇ. ಡಾಲರ್ ಗುರುತು, ಸಿಸ್ ಎಂಬ ಮಾತು, ಮತ್ತೆ ಡಾಲರ್ ಗುರುತು: ಇವುಗಳಿಂದ ಹೆಸರು ಮೊದಲಾಗುವ ಯಾವ ಕಡತವಿದ್ದರೂ ಅದು ಯಜಮಾನನ ಕಣ್ಣಿಗೆ ಕಾಣದಂತೆ ಈ ತಂತ್ರಾಂಶ ಮಾಡುತ್ತಿತ್ತು. ಕಡತಗಳ ಪಟ್ಟಿ ಕೊಡೆಂದು ಗಣಕವನ್ನು ಕೇಳಿದರೆ, ಆ ಹೆಸರಿನವನ್ನು ಬಿಟ್ಟು ಉಳಿದವನ್ನಷ್ಟೇ ಅದು ಒಪ್ಪಿಸುತ್ತಿತ್ತು. ಹಾಜರಿ ಪುಸ್ತಕದಿಂದ ಹೆಸರು ಮರೆಯಾದರೂ ಹುಡುಗ ಬೆಂಚಿನ ಮೇಲೆ ಕೂತೇ ಇರುವಂತೆ! ಇಂಥ ಮುಸುಕಿಗೆ ತಜ್ಞರು ರೂಟ್‌ಕಿಟ್ ಎಂದು ಹೆಸರಿಟ್ಟಿದ್ದಾರೆ. ಅದು ಹೆಚ್ಚಾಗಿ ಪರರ ಗಣಕಕ್ಕೆ ಕನ್ನ ಹಾಕುವವರ ಉಪಕರಣ.

ಒಳಗೆ ಅವಿತವನ ಕೆಲಸವೇನು? ಎರಡೆರಡು ಸೆಕೆಂಡಿಗೊಮ್ಮೆ, ಗಣಕದಲ್ಲಿ ನಡೆಯುತ್ತಿರುವ ಎಲ್ಲ ತಂತ್ರಾಂಶಗಳ ಕಡತಗಳನ್ನೂ ಅದು ತಡವಿ ನೋಡುತ್ತಿತ್ತು. ಹಾಡು ನಿಂತ ಮೇಲೂ ಆ ಪಹರೆ ನಿಲ್ಲುತ್ತಿರಲಿಲ್ಲ. ಅಲ್ಲದೆ, ನೀವು ಹಾಡು ಹಾಕಿದಾಗ ಆ ಸಾಧನವು ಕಂಪನಿಯ ಜಾಲತಾಣವನ್ನು ಸಂಪರ್ಕಿಸಿ, ಇದು ಇಂಥ ಸಂಪುಟ ಎಂಬ ಗುರುತನ್ನು ಕಳಿಸುತ್ತಿತ್ತೆಂದು ರುಸಿನೋವಿಚ್ ಕೆಲವೇ ದಿನಗಳಲ್ಲಿ ತೋರಿಸಿದರು.

ಇಲ್ಲಿ ನಮ್ಮ ಮೈಸೂರಿಗೆ ಸಂಬಂಧಿಸಿದ ಒಂದು ಮಾತು ನೆನಪಾಗುತ್ತದೆ. ಇದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1905ರಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ದೊರೆಯಿತು. 1909ರಲ್ಲಿ ಅವರು ಅದನ್ನು ಮುದ್ರಿಸಿ ಲೋಕಕ್ಕಿತ್ತರು. ಅದರಲ್ಲಿ ಗೂಢಪುರುಷರ ಪ್ರಕರಣವೇ ಇದೆ. ಗೃಹಸ್ಥನ ವೇಷದವನು, ವರ್ತಕನ ವೇಷದವನು, ತಪಸ್ವಿಯ ವೇಷದವನು ಎಂದು ಕೌಟಿಲ್ಯ ಅವರನ್ನು ವಿಂಗಡಿಸುತ್ತಾನೆ. ನಮ್ಮ ಕಥೆಯ ಗೂಢಚಾರನಿಗೂ ವೇಷವಿತ್ತು. ಆ ತಂತ್ರಾಂಶವು ವಿಂಡೋಸಿನದೇ ಒಂದು ಸೇವಾವಿಭಾಗವೆಂದು ತೋರುವಂಥ ಹೆಸರನ್ನು ಇಟ್ಟುಕೊಂಡಿತ್ತು. ಆದರೆ ಒಂದು ಭೇದವುಂಟು. ಕೌಟಿಲ್ಯನ ಚಾರರು ರಾಜ್ಯದ ಕಾರ್ಯಕ್ಕಾಗಿ ರಾಜನಿಂದ ಸಂಬಳ ಪಡೆಯುತ್ತಿದ್ದರು. ಇಲ್ಲಿ ಗೂಢಚಾರನ ಖರ್ಚನ್ನು ತಟ್ಟೆಯ ಬೆಲೆಯೊಡನೆ ಕೊಟ್ಟವನು, ಯಾರ ಮೇಲೆ ಕಣ್ಣಿಡಲಾಗಿತ್ತೋ ಆ ಮನೆಯವನೇ.

ಸರಿ, ಬೇಡದ ಅತಿಥಿಯನ್ನು ಹೊರಗೆ ದೂಡಿದರಾಯಿತಲ್ಲವೇ ಎಂದು ನೀವು ಕೇಳಬಹುದು. ಕಥೆಯ ತಿರುಳಿರುವುದು ಅಲ್ಲಿಯೇ. ತಂತ್ರಾಂಶಗಳನ್ನು ತೆಗೆದುಹಾಕಲು ಗಣಕದಲ್ಲಿ ಇರುವ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ರುಸಿನೋವಿಚ್ ಪಳಗಿದ ಕೈಯವರು. ಕಡತಗಳನ್ನು ಹೆಕ್ಕಿ ಅಳಿಸಿದರು. ಗಣಕವನ್ನು ಮತ್ತೆ ಚಾಲೂ ಮಾಡಿ ನೋಡಿದರೆ ಸಿ.ಡಿ. ಓದುವ ಭಾಗವೇ ಮಾಯವಾಗಿತ್ತು! ಕಾರಣವಿಷ್ಟು: ಸಿ.ಡಿ. ಭಾಗಕ್ಕೂ ಗಣಕಕ್ಕೂ ನಡುವಣ ದಾರಿಯಲ್ಲಿ ಆ ತಂತ್ರಾಂಶ ತನ್ನದೊಂದು ಸುಂಕದಕಟ್ಟೆಯನ್ನು ಕಟ್ಟಿ, ಇದರ ಮೂಲಕವೇ ಹಾಯಬೇಕೆಂದು ಗಣಕದ ದಫ್ತರದಲ್ಲಿ ಬರೆಸಿಬಿಟ್ಟಿತ್ತು. ಕಟ್ಟೆ ಹೋಯಿತು, ಬರಹ ಉಳಿಯಿತು, ದಾರಿ ಮುಚ್ಚಿತು. ಅವರು ಆ ಬರಹವನ್ನು ಹುಡುಕಿ ತೆಗೆದು ದಾರಿ ಬಿಡಿಸಿದರು. ಆ ವಿದ್ಯೆ ತಿಳಿಯದ ಸಾಮಾನ್ಯ ಗೃಹಸ್ಥನ ಪಾಡೇನು? ಹಾಡಿನ ತಟ್ಟೆ ತಂದ ತಪ್ಪಿಗೆ ಯಂತ್ರವನ್ನೇ ರಿಪೇರಿಗೆ ಹೊರಬೇಕಾಗುತ್ತಿತ್ತು.

ಗುಲ್ಲೆದ್ದಿತು. ಕಂಪನಿಯ ಪರವಾಗಿ ಥಾಮಸ್ ಹೆಸ್ಸೆ ಎಂಬ ಹಿರಿಯ ಅಧಿಕಾರಿ ನವೆಂಬರ್ 4ರಂದು ಅಮೆರಿಕದ ನ್ಯಾಷನಲ್ ಪಬ್ಲಿಕ್ ರೇಡಿಯೋದಲ್ಲಿ ಮಾತನಾಡಿದರು. ರೂಟ್‌ಕಿಟ್ ಎಂದರೇನೆಂದೇ ಹೆಚ್ಚಿನ ಜನಕ್ಕೆ ಗೊತ್ತಿಲ್ಲ, ಹಾಗಿರುವಾಗ ಅದರ ಚಿಂತೆ ಅವರಿಗೇಕೆ ಎಂಬುದು ಅವರ ವಾದದ ಸಾರ. ರೇಡಿಯೋ ಕೇಳುವ ನಮ್ಮಂಥವರು ಈ ವಾದವನ್ನು ಸ್ವಲ್ಪ ನಿಂತು ನೋಡಬೇಕು. ಅಕ್ಕಿಯಲ್ಲಿ ಬೆರೆಸಿದ ಕಲ್ಲಿನ ಹೆಸರು ತಿಳಿಯದವನಿಗೆ ಹಲ್ಲು ನೋಯುವುದಿಲ್ಲವೇ?

ನೋವು ಬೇಗನೆ ಕಾಣಿಸಿಕೊಂಡಿತು. ಮುಸುಕು ಯಾರದೇ ಆಗಿರಲಿ, ಅದರೊಳಗೆ ಯಾರು ಬೇಕಾದರೂ ನುಸುಳಬಹುದಷ್ಟೆ. ಆ ಡಾಲರ್ ಗುರುತಿನ ಹೆಸರನ್ನಿಟ್ಟುಕೊಂಡರೆ ಸಾಕು, ಯಾವ ದುಷ್ಟ ತಂತ್ರಾಂಶವೂ ಕಾಣದಂತಾಗುತ್ತಿತ್ತು. ಗಣಕದ ಆಟಗಳಲ್ಲಿ ಮೋಸ ಮಾಡುವವರು ಮೊದಲು ಈ ಉಪಾಯ ಕಂಡುಕೊಂಡರು. ನವೆಂಬರ್ 10ರ ಹೊತ್ತಿಗೆ ಅದೇ ಮುಸುಕಿನಲ್ಲಿ ಅಡಗುವ ಕಿಡಿಗೇಡಿ ತಂತ್ರಾಂಶಗಳೂ ಹೊರಬಿದ್ದವು. ಹಾಡನ್ನು ಕಾಯಲೆಂದು ಹಾಕಿದ ಬೇಲಿ ಕಳ್ಳರಿಗೆ ಮರೆಯಾಯಿತು.

ಕಂಪನಿ ಮೊದಲು ಕೊಟ್ಟ ಪರಿಹಾರ ಮುಸುಕನ್ನು ಮಾತ್ರ ತೆಗೆಯುತ್ತಿತ್ತು. ಒಳಗಿದ್ದವನು ಒಳಗೇ ಉಳಿಯುತ್ತಿದ್ದ. ಪೂರ್ತಿ ತೆಗೆಯಬೇಕೆಂದವರು ಜಾಲತಾಣದಲ್ಲಿ ಅರ್ಜಿ ತುಂಬಿ, ಉತ್ತರಕ್ಕೆ ಕಾದು, ಮತ್ತೊಮ್ಮೆ ತುಂಬಬೇಕಾಗಿತ್ತು. ಇಷ್ಟೆಲ್ಲ ಮಾಡಿ ಪಡೆದ ಆ ಮದ್ದೇ ಹೊಸ ರೋಗವಾಗಿತ್ತೆಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್‌ಮನ್ ನವೆಂಬರ್ 15ರಂದು ತೋರಿಸಿಕೊಟ್ಟರು. ತೆಗೆಯಲು ಬಂದ ಸಾಧನ ಕೆಲಸ ಮುಗಿದ ಮೇಲೂ ಗಣಕದಲ್ಲಿ ಉಳಿದು, ಯಾವ ಜಾಲತಾಣ ಹೇಳಿದರೂ ಅದು ಕಳಿಸಿದ ತಂತ್ರಾಂಶವನ್ನು ಬರಮಾಡಿಕೊಂಡು ಓಡಿಸುತ್ತಿತ್ತು. ಅತಿಥಿಯನ್ನು ಹೊರಹಾಕಲು ಬಂದ ಆಳು, ಹೋಗುವಾಗ ಬಾಗಿಲ ಚಿಲಕ ಕಿತ್ತಿಟ್ಟು ಹೋದಂತೆ. ಈ ಹಾಲ್ಡರ್‌ಮನ್ 2003ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಮೀಡಿಯಾಮ್ಯಾಕ್ಸ್ ಎಂಬ ಬೇರೊಂದು ಕಾವಲನ್ನು ಪರೀಕ್ಷಿಸಿ, ಸಿ.ಡಿ. ಹಾಕುವಾಗ ಗಣಕದ ಶಿಫ್ಟ್ ಎಂಬ ಕೀಲಿಯನ್ನು ಒತ್ತಿ ಹಿಡಿದರೆ ಅದು ಒಳಬರುವುದೇ ಇಲ್ಲವೆಂದು ಬರೆದಿದ್ದರು. ಅದನ್ನು ತಯಾರಿಸಿದ ಸಂಸ್ಥೆ ಒಂದು ಕೋಟಿ ಡಾಲರಿನ ದಾವೆ ಹೂಡುವುದಾಗಿ ಗರ್ಜಿಸಿ, ಮರುದಿನವೇ ಸುಮ್ಮನಾಯಿತು.

ರೋಗ ಎಷ್ಟು ಹರಡಿತ್ತು? ಎಕ್ಸ್.ಸಿ.ಪಿ. ಸೇರಿದ ತಟ್ಟೆಗಳು ಸುಮಾರು 47 ಲಕ್ಷ ತಯಾರಾಗಿ, ಅವುಗಳಲ್ಲಿ ಸುಮಾರು 21 ಲಕ್ಷ ಮಾರಾಟವಾಗಿದ್ದವು. ಅಂತರಜಾಲದಲ್ಲಿ ವಿಳಾಸ ಹೇಳುವ ಯಂತ್ರಗಳನ್ನು ಪರಿಶೀಲಿಸಿದ ಡಾನ್ ಕಮಿನ್ಸ್ಕಿ ಎಂಬ ತಜ್ಞರು, ಈ ತಂತ್ರಾಂಶ ಹುಡುಕುವ ವಿಳಾಸಗಳ ಗುರುತು 5,68,200 ಯಂತ್ರಗಳಲ್ಲಿ ಉಳಿದಿದೆಯೆಂದು ಲೆಕ್ಕ ಕೊಟ್ಟರು. ನವೆಂಬರ್ ಮಧ್ಯದಲ್ಲಿ ಕಂಪನಿ ತಯಾರಿಕೆಯನ್ನು ನಿಲ್ಲಿಸಿ, ತಟ್ಟೆಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ವಿಂಡೋಸನ್ನು ಮಾಡಿದ ಮೈಕ್ರೋಸಾಫ್ಟ್ ಕಂಪನಿ ತನ್ನ ಶೋಧಕಗಳಿಂದಲೇ ಆ ಮುಸುಕನ್ನು ತೆಗೆಸುವುದಾಗಿ ಸಾರಿತು. ಡಿಸೆಂಬರಿನಲ್ಲಿ, ನೆಟ್ಟಗೆ ಕೆಲಸ ಮಾಡುವ ತೆಗೆಯುವ ಸಾಧನ ಕೊನೆಗೂ ಬಂತು.

ಕೋರ್ಟಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನವೆಂಬರ್ 21ರಂದು ಟೆಕ್ಸಾಸ್ ರಾಜ್ಯ ದಾವೆ ಹೂಡಿತು. ಕೊಂಡವರ ಪರವಾಗಿಯೂ ದಾವೆಗಳು ಬಂದವು. 2006ರ ಮೇ ತಿಂಗಳಲ್ಲಿ ಮುಗಿದ ರಾಜಿಯ ಪ್ರಕಾರ ಕೊಂಡವರಿಗೆ ಬದಲು ತಟ್ಟೆಯೂ, ಜೊತೆಗೆ ಏಳೂವರೆ ಡಾಲರ್ ಮತ್ತು ಒಂದು ಸಂಪುಟ, ಇಲ್ಲವೇ ಮೂರು ಸಂಪುಟಗಳೂ ದೊರೆತವು. 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಾಡಿಕೊಂಡ ಒಪ್ಪಂದ ಇನ್ನೂ ಮುಖ್ಯವಾದುದು. ಯಂತ್ರ ಕೆಟ್ಟವರಿಗೆ 150 ಡಾಲರಿನವರೆಗೆ ಕಟ್ಟಿಕೊಡಬೇಕು. ಒಪ್ಪಿಗೆಯಿಲ್ಲದೆ ಇಂಥದನ್ನು ಒಳಸೇರಿಸಕೂಡದು. ಸೇರಿಸಿದುದನ್ನು ತೆಗೆಯಲು ಸರಿಯಾದ ದಾರಿಯನ್ನು ಕೊಡಲೇಬೇಕು ಎಂದು ಅದು ವಿಧಿಸಿತು.

ಇಡೀ ಗದ್ದಲದಲ್ಲಿ ನನಗೆ ತೂಕದ ಮಾತೆಂದು ತೋರುವುದು ಅಮೆರಿಕದ ಗೃಹರಕ್ಷಣಾ ಇಲಾಖೆಯ ಸ್ಟುವರ್ಟ್ ಬೇಕರ್ ಎಂಬ ಅಧಿಕಾರಿ ಉದ್ಯಮಿಗಳ ಸಭೆಯಲ್ಲಿ ಆಡಿದುದು. ಕೃತಿಯ ಹಕ್ಕು ನಿಮ್ಮದಿರಬಹುದು, ಆದರೆ ಗಣಕ ನಿಮ್ಮದಲ್ಲ ಎಂಬುದು ಅದರ ತಾತ್ಪರ್ಯ. ಹಾಡಿನ ಹಕ್ಕು ಹಾಡಿನ ಎಲ್ಲೆಯಲ್ಲಿ ನಿಲ್ಲಬೇಕು. ಅದು ಹೊಸ್ತಿಲು ದಾಟಿ ಮನೆಯ ಹಕ್ಕಾಗಲಾರದು.

ಇಷ್ಟು ವರ್ಷಗಳ ಮೇಲೆ ಈ ಹಳೆಯ ಕಥೆ ನಿಮಗೇಕೆ ಎಂದರೆ, ಹಾಡು ಇಂದು ತಟ್ಟೆಯನ್ನು ಬಿಟ್ಟು ಕೈಯ ಫೋನಿಗೆ ಬಂದಿದ್ದರೂ ಪ್ರಶ್ನೆ ಬದಲಾಗಿಲ್ಲ. ನಿಮ್ಮ ಯಂತ್ರದಲ್ಲಿ ನೀವು ಕರೆಯದವನು ಯಾವನೋ ಇದ್ದಾನೆಂದು ಸಂಶಯ ಬಂದರೆ, ರುಸಿನೋವಿಚ್ ಅವರ ಅನುಭವವನ್ನು ನೆನೆಯಿರಿ. ಕಂಡ ಕಡತವನ್ನು ಕೋಪದಿಂದ ಒಮ್ಮೆಲೇ ಅಳಿಸಬೇಡಿ. ಮೊದಲು ನಿಮ್ಮ ಕಾಗದಪತ್ರ, ಮಕ್ಕಳ ಚಿತ್ರಗಳಿಗೆ ಬೇರೆಡೆ ಒಂದು ಪ್ರತಿ ತೆಗೆದಿಡಿ. ಬಂದವನ ಹೆಸರೇನು, ಯಾವುದರ ಜೊತೆ ಬಂದ ಎಂದು ಗೊತ್ತುಮಾಡಿಕೊಳ್ಳಿ. ಕಳಿಸಿದವನೇ ತೆಗೆಯುವ ಮದ್ದನ್ನೂ ಕೊಟ್ಟರೆ, ಬೇರೆ ಬಲ್ಲವರಿಗೆ ತೋರಿಸಿದ ಹೊರತು ಅದನ್ನು ಬಳಸಬೇಡಿ. ಹೊಸ ತಂತ್ರಾಂಶ ಹಾಕುವಾಗ ಮಕ್ಕಳು ಅವಸರದಲ್ಲಿ ಒಪ್ಪಿಗೆಯೊತ್ತಿಬಿಡುತ್ತಾರೆ. ಪಕ್ಕದಲ್ಲಿ ಕೂತು, ಇದನ್ನು ಬೇಡವೆಂದಾಗ ತೆಗೆಯುವ ಬಗೆ ಹೇಗೆ ಎಂದು ಮೊದಲೇ ಕೇಳಿಕೊಳ್ಳಿರಿ. ಹೋಗುವ ದಾರಿಯನ್ನು ಮುಚ್ಚುಮರೆಯಿಲ್ಲದೆ ಹೇಳುವ ಅತಿಥಿಗೆ ಮಾತ್ರ ಬಾಗಿಲು ತೆರೆಯುವುದು ಗೃಹಸ್ಥನಿಗೆ ಕ್ಷೇಮ.