ರಸ್ತೆಯಲ್ಲಿ ಪಾದಚಾರಿ, ಚಾಲಕರ ಕರ್ತವ್ಯಗಳು

ಕೋಲಾರ: ಬೆಂಗಳೂರಿನಿಂದ ಕೋಲಾರ ಮಾರ್ಗವಾಗಿ ಮುಳಬಾಗಿಲಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಲಾರಿ, ಬಸ್ಸುಗಳ ನಡುವೆಯೇ ಗ್ರಾಮಸ್ಥರು ರಸ್ತೆ ದಾಟಬೇಕಾಗುತ್ತದೆ. ಮಾಲೂರಿನ ಕಾರ್ಖಾನೆಗಳ ರಸ್ತೆಗಳಲ್ಲಿ, ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದಲ್ಲಿಯೂ ವಾಹನ ದಟ್ಟಣೆ ಹೆಚ್ಚು. 1988ರ ಮೋಟಾರು ವಾಹನ ಕಾಯ್ದೆ ಹಾಗೂ 2017ರ ಚಾಲನಾ ನಿಯಮಾವಳಿ ಎಲ್ಲೆಡೆ ಅನ್ವಯಿಸುತ್ತವೆ.

ಪಾದಚಾರಿಗಳಿಗೆ: ಫುಟ್‌ಪಾತ್ ಇದ್ದಲ್ಲಿ ಅದನ್ನೇ ಬಳಸಬೇಕು. ಇಲ್ಲದ ಕಡೆ ರಸ್ತೆಯ ಬಲ ಅಂಚಿನಲ್ಲಿ ನಡೆಯುವುದು ಕ್ಷೇಮ. ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ, ಎಡ ಅಂಚಿನಲ್ಲಿ ನಡೆಯುವವರಿಗೆ ಹಿಂದಿನಿಂದ ಬರುವ ವಾಹನ ಕಾಣದು. ನಿಂತ ಬಸ್ಸಿನ ಮುಂಭಾಗದಿಂದ ಹಠಾತ್ತನೆ ದಾಟಬಾರದು. ಹೆದ್ದಾರಿಯ ವಿಭಜಕವನ್ನು ಹಾರಬಾರದು. ರಾತ್ರಿ ವೇಳೆ ತಿಳಿಬಣ್ಣದ ಉಡುಪು, ಟಾರ್ಚ್ ಇರಲಿ.

ಚಾಲಕರಿಗೆ: ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ಮೊದಲ ಹಕ್ಕು ಪಾದಚಾರಿಯದು. ವಾಹನ ನಿಲ್ಲಿಸಿ ದಾರಿ ಬಿಡುವುದು ಔದಾರ್ಯವಲ್ಲ, ಕಡ್ಡಾಯ. ಪಟ್ಟೆಯ ಮೇಲೆ ವಾಹನ ನಿಲ್ಲಿಸುವುದು, ಫುಟ್‌ಪಾತ್ ಮೇಲೆ ಬೈಕ್ ಓಡಿಸುವುದು ನಿಷಿದ್ಧ. ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧ ಎಸಗಿದಲ್ಲಿ, 2019ರ ತಿದ್ದುಪಡಿಯಂತೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂ. ದಂಡ ವಿಧಿಸಬಹುದು.

ಅಪಘಾತವಾದಲ್ಲಿ: ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು ಚಾಲಕನ ಹೊಣೆ. ನೆರವಿಗೆ ಧಾವಿಸಿದವರಿಗೆ ಕಲಂ 134ಎ ರಕ್ಷಣೆ ನೀಡುತ್ತದೆ. ಹೆಸರು, ವಿಳಾಸ ಹೇಳುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಡಿಕ್ಕಿ ಹೊಡೆದ ವಾಹನ ಪರಾರಿಯಾಗಿ ಪತ್ತೆಯಾಗದಿದ್ದರೂ, 2022ರ ಯೋಜನೆಯಡಿ ಮೃತರ ಕುಟುಂಬಕ್ಕೆ 2 ಲಕ್ಷ ರೂ., ತೀವ್ರ ಗಾಯಗೊಂಡವರಿಗೆ 50,000 ರೂ. ಪರಿಹಾರವುಂಟು.

ಆಂಬುಲೆನ್ಸ್‌ಗೆ 108, ಪೊಲೀಸ್ ನೆರವಿಗೆ 112, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿಗೆ 1033 ಸಂಖ್ಯೆಗಳಿಗೆ ಕರೆ ಮಾಡಬಹುದು.