ಭೂಸಮೀಪದ ಗಾಳಿಯಲ್ಲಿ ಪ್ರಕ್ಷುಬ್ಧತೆ ಮತ್ತು ಶಾಖ ವಿನಿಮಯ

ನೆಲಕ್ಕೆ ಹೊಂದಿಕೊಂಡಿರುವ ಗಾಳಿಯ ಅನಿಯಮಿತ ಸುಳಿಗಳು ಶಾಖ, ತೇವಾಂಶ ಮತ್ತು ಸಂವೇಗಗಳನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಕ್ರಿಯೆಯನ್ನು ಪ್ರಕ್ಷುಬ್ಧ ವಿನಿಮಯ ಎನ್ನುತ್ತಾರೆ. ನೆಲದಿಂದ ಕೆಲವು ಹತ್ತು ಮೀಟರ್‌ಗಳವರೆಗಿನ ಈ ಭಾಗಕ್ಕೆ ಮೇಲ್ಮೈ ಪದರ ಎಂದು ಹೆಸರು. ಹವಾಮಾನ ಮುನ್ಸೂಚನೆಗೆ ಈ ವಿನಿಮಯದ ಅಂದಾಜು ಅತ್ಯಗತ್ಯ. ಗಾಳಿ ಮಂದವಾಗಿರುವಾಗ ರೂಢಿಯ ಸೂತ್ರಗಳು ಏಕೆ ಸೋಲುತ್ತವೆ ಎಂಬುದನ್ನು ತಿಳಿಯುವಲ್ಲಿ ಬೆಂಗಳೂರಿನ ವಿಜ್ಞಾನಿಗಳ ಕೊಡುಗೆ ಗಮನಾರ್ಹವಾದುದು.

ಕ್ರಿಯೆ

ಹಗಲಿನಲ್ಲಿ ಬಿಸಿಲಿನಿಂದ ಕಾದ ನೆಲವು ತನಗೆ ತಾಗಿದ ಗಾಳಿಯನ್ನು ಬಿಸಿಮಾಡುತ್ತದೆ. ಹಗುರವಾದ ಬಿಸಿಗಾಳಿ ಮೇಲೇರುತ್ತದೆ, ತಂಪುಗಾಳಿ ಕೆಳಗಿಳಿಯುತ್ತದೆ. ಇದರೊಂದಿಗೆ, ಬೀಸುವ ಗಾಳಿಯು ನೆಲ, ಮರ ಹಾಗೂ ಕಟ್ಟಡಗಳಿಗೆ ಉಜ್ಜುವುದರಿಂದಲೂ ಸುಳಿಗಳು ಹುಟ್ಟುತ್ತವೆ. ರಾತ್ರಿ ನೆಲ ತಣ್ಣಗಾದಾಗ ತಂಪುಗಾಳಿ ಕೆಳಗೇ ಉಳಿದು ಸುಳಿಗಳು ಕುಗ್ಗುತ್ತವೆ.

ಅಳತೆ

ನೇರವಾದ ಅಳತೆಗೆ ಎಡ್ಡಿ ಕೋವೇರಿಯನ್ಸ್ ವಿಧಾನವನ್ನು ಬಳಸಲಾಗುತ್ತದೆ. ಗೋಪುರದ ಮೇಲಿರಿಸಿದ ಶ್ರವಣಾತೀತ ಗಾಳಿಮಾಪಕವು ಗಾಳಿಯ ಲಂಬ ವೇಗ ಮತ್ತು ಉಷ್ಣತೆಗಳನ್ನು ಸೆಕೆಂಡಿಗೆ ಹತ್ತು ಅಥವಾ ಹೆಚ್ಚು ಬಾರಿ ದಾಖಲಿಸುತ್ತದೆ. ಎರಡೂ ತಮ್ಮ ಸರಾಸರಿಯಿಂದ ಎಷ್ಟು ಏರಿಳಿಯುತ್ತವೆ ಎಂಬುದನ್ನು ಗುಣಿಸಿ, ಸಾಮಾನ್ಯವಾಗಿ ಅರ್ಧ ಗಂಟೆಯ ಸರಾಸರಿ ತೆಗೆಯುತ್ತಾರೆ. ಇದನ್ನು ಗಾಳಿಯ ಸಾಂದ್ರತೆ ಮತ್ತು ವಿಶಿಷ್ಟೋಷ್ಣಗಳಿಂದ ಗುಣಿಸಿದರೆ ಶಾಖದ ಹರಿವು ದೊರೆಯುತ್ತದೆ. ಉದಾಹರಣೆಗೆ, ಈ ಸರಾಸರಿ ಗುಣಲಬ್ಧ 0.1, ಸಾಂದ್ರತೆ ಘನ ಮೀಟರಿಗೆ 1.1 ಕಿಲೋಗ್ರಾಂ, ವಿಶಿಷ್ಟೋಷ್ಣ ಸುಮಾರು 1000 ಎಂದಾದರೆ ಹರಿವು ಚದರ ಮೀಟರಿಗೆ ಸುಮಾರು 110 ವ್ಯಾಟ್.

ಅಂದಾಜಿನ ಸೂತ್ರಗಳು

ಎಲ್ಲೆಡೆ ಗೋಪುರಗಳನ್ನು ನಿಲ್ಲಿಸಲಾಗದು. ಆದ್ದರಿಂದ ಗಣಕ ಮಾದರಿಗಳು ಸರಾಸರಿ ಗಾಳಿವೇಗ ಮತ್ತು ಉಷ್ಣತೆಗಳಿಂದಲೇ ಹರಿವನ್ನು ಲೆಕ್ಕಹಾಕುತ್ತವೆ. ಸೋವಿಯತ್ ವಿಜ್ಞಾನಿಗಳಾದ ಮೋನಿನ್ ಮತ್ತು ಒಬುಖೋವ್ 1954ರಲ್ಲಿ ಮಂಡಿಸಿದ ಸಿದ್ಧಾಂತವು ಇದಕ್ಕೆ ಆಧಾರ. ಅತಿ ಸರಳ ರೂಪದಲ್ಲಿ, ಶಾಖದ ಹರಿವು ಗಾಳಿವೇಗ ಹಾಗೂ ನೆಲ-ಗಾಳಿಗಳ ಉಷ್ಣತಾ ವ್ಯತ್ಯಾಸದ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ನೆಲದ ಎಳೆತವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗುಣಾಂಕವನ್ನು ಸ್ಥಿರವೆಂದು ಭಾವಿಸಿದರೆ, ಗಾಳಿ ನಿಂತಾಗ ಶಾಖದ ಹರಿವೂ ಸೊನ್ನೆಯಾಗಬೇಕು. ಆದರೆ ಗಾಳಿಯಾಡದ ಮಧ್ಯಾಹ್ನದಲ್ಲೂ ಕಾದ ನೆಲದಿಂದ ಶಾಖ ಮೇಲೇರುತ್ತಲೇ ಇರುತ್ತದೆ. ಮಂದ ಗಾಳಿ ಸಾಮಾನ್ಯವಾಗಿರುವ ಉಷ್ಣವಲಯದ ದೇಶಗಳಿಗೆ ಈ ಕೊರತೆ ವಿಶೇಷವಾಗಿ ಮುಖ್ಯ.

ಮಾಂಟ್‌ಬ್ಲೆಕ್ಸ್ ಪ್ರಯೋಗ

ಮುಂಗಾರಿನ ಕಡಿಮೆ ಒತ್ತಡದ ಪಟ್ಟಿಯ ಗಡಿಪದರವನ್ನು ಅರಿಯಲು 1990ರಲ್ಲಿ ಮಾಂಟ್‌ಬ್ಲೆಕ್ಸ್ ಎಂಬ ರಾಷ್ಟ್ರೀಯ ಪ್ರಯೋಗ ನಡೆಯಿತು. ಜೋಧ್‌ಪುರ, ದೆಹಲಿ, ವಾರಾಣಸಿ ಮತ್ತು ಖರಗ್‌ಪುರಗಳಲ್ಲಿ 30 ಮೀಟರ್ ಎತ್ತರದ ಗೋಪುರಗಳಿಂದ ಅಳತೆಗಳನ್ನು ಪಡೆಯಲಾಯಿತು. ಬೆಂಗಳೂರಿನಲ್ಲಿ ಜನಿಸಿದ ವಿಜ್ಞಾನಿ ರೊದ್ದಂ ನರಸಿಂಹ (1933–2020) ಇದರ ಪ್ರಮುಖರಲ್ಲಿ ಒಬ್ಬರು. ಜೋಧ್‌ಪುರದ ದತ್ತಾಂಶಗಳನ್ನು ಪರಿಶೀಲಿಸಿದ ಕುಸುಮಾ ಜಿ. ರಾವ್ ಮತ್ತು ನರಸಿಂಹ ಅವರು, ಮಂದ ಗಾಳಿಯಲ್ಲಿ ಶಾಖದ ಹರಿವು ಗಾಳಿವೇಗವನ್ನು ಹೆಚ್ಚುಕಡಿಮೆ ಅವಲಂಬಿಸಿರುವುದಿಲ್ಲ, ಎಳೆತವು ವೇಗದ ವರ್ಗಕ್ಕಲ್ಲದೆ ನೇರವಾಗಿ ವೇಗಕ್ಕೇ ಅನುಪಾತದಲ್ಲಿರುತ್ತದೆ ಎಂದು ತೋರಿಸಿದರು. ಈ ಸ್ಥಿತಿಯಲ್ಲಿ ಶಾಖದ ಹರಿವನ್ನು ನಿರ್ಧರಿಸುವುದು ಉಷ್ಣತಾ ವ್ಯತ್ಯಾಸ ಎಂಬ ವಿವರಣೆ 2006ರಲ್ಲಿ ಪ್ರಕಟವಾಯಿತು.

ನಗರ ಪ್ರದೇಶಗಳಲ್ಲಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತಹ ದಟ್ಟ ಬಡಾವಣೆಗಳಲ್ಲಿ ಅಂದಾಜು ಇನ್ನೂ ಕಠಿಣ. ಮನೆಗಳ ನಡುವೆ ಸುಳಿಗಳು ಬೀದಿಬೀದಿಗೆ ಬದಲಾಗುವುದರಿಂದ ಉಪಕರಣವನ್ನು ಕಟ್ಟಡಗಳ ಸರಾಸರಿ ಎತ್ತರದ ಎರಡು ಪಟ್ಟಿಗಿಂತ ಮೇಲಿಡುವುದು ರೂಢಿ. ಕಾಂಕ್ರೀಟು ಮತ್ತು ಡಾಂಬರು ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತವೆ. ಕೆಂಗೇರಿಯ ದಾರಿಯಲ್ಲಿರುವ ಜ್ಞಾನಭಾರತಿ ಆವರಣದಂತಹ ಹಸಿರು ಪ್ರದೇಶಗಳಲ್ಲಿ ಸೌರಶಕ್ತಿಯ ಹೆಚ್ಚಿನ ಪಾಲು ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಗಾಳಿಯನ್ನು ಬಿಸಿಮಾಡುವ ಪಾಲು ಕಡಿಮೆಯಾಗುತ್ತದೆ. ಈ ಎರಡು ಪಾಲುಗಳ ಅನುಪಾತವನ್ನು ಬೋವೆನ್ ಅನುಪಾತ ಎನ್ನುತ್ತಾರೆ. ಮರಗಳನ್ನು ಕಡಿದು ಕಟ್ಟಡ ಕಟ್ಟಿದಲ್ಲಿ ಈ ಅನುಪಾತವು ಏರುತ್ತದೆ.