ತುಂಡು ಚೀಟಿ

ತುಂಡು ಎಂಬುದು ನಮ್ಮ ನಿತ್ಯದ ಮಾತು. ತುಂಡು ಬಟ್ಟೆ, ತುಂಡು ಬೀಡಿ, ತುಂಡು ಭೂಮಿ ಎನ್ನುತ್ತೇವೆ. ತಮಿಳಿನಲ್ಲಿಯೂ ಅದಕ್ಕೆ ಅದೇ ಅರ್ಥ. ಈ ನಿರುಪದ್ರವಿಯಾದ ಪದವು ನೆರೆಯ ಸಿಂಹಳದ್ವೀಪದಲ್ಲಿ ಒಂದು ಕಾಲಕ್ಕೆ ಸಾವಿರಾರು ಸಂಸಾರಗಳ ಹಣೆಬರಹವಾಗಿತ್ತೆಂದರೆ ಆಶ್ಚರ್ಯವಾದೀತು. ನನಗೂ ಹಾಗೆಯೇ ಆಯಿತು.

ಆ ಮಾತನ್ನು ನಾನು ಮೊದಲು ಕೇಳಿದ್ದು ಸುಳ್ಯದ ಸೀಮೆಯ ಒಂದು ರಬ್ಬರ್ ತೋಟದಲ್ಲಿ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದದ ಪ್ರಕಾರ, ಸಿಂಹಳದ ತೋಟಗಳಲ್ಲಿದ್ದ 5,25,000 ಮಂದಿ ತಮಿಳರನ್ನು ಭಾರತವು ತನ್ನ ಪ್ರಜೆಗಳೆಂದು ಒಪ್ಪಿಕೊಳ್ಳಬೇಕೆಂದು ನಿರ್ಧಾರವಾಯಿತು. ಹೀಗೆ ಮರಳಿ ಬಂದವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ತಾಲ್ಲೂಕುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಅಲ್ಲಿಯ ವಸತಿಯೊಂದರಲ್ಲಿ ವೃದ್ಧೆಯೊಬ್ಬರು ತಗಡಿನ ಪೆಟ್ಟಿಗೆಯಿಂದ ಒಂದು ಹಳೆಯ ಕಾರ್ಡನ್ನು ತೆಗೆದು ನನ್ನ ಮುಂದಿಟ್ಟರು. ಹಡಗಿಳಿದು ಬಂದಾಗ ಕುಟುಂಬಕ್ಕೊಂದರಂತೆ ಕೊಟ್ಟ ಕಾಗದವದು. ಕನ್ನಡ, ತಮಿಳು ಬೆರೆತ ಮಾತಿನಲ್ಲಿ ಅವರೆಂದರು: “ಅಜ್ಜನ ಕಾಲಕ್ಕೆ ತುಂಡು, ನಮ್ಮ ಕಾಲಕ್ಕೆ ಕಾರ್ಡು. ನಮ್ಮನ್ನು ಯಾವಾಗಲೂ ಕಾಗದವೇ ಸಾಗಿಸಿತು.” ತುಂಡೆಂದರೇನೆಂದು ಕೇಳಿದೆ. “ಅಜ್ಜನ ಬೆಲೆ ಬರೆದ ಚೀಟಿ” ಎಂದರು. ಆ ಚೀಟಿಯ ಬೆನ್ನು ಹತ್ತಿ ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಸಿಂಹಳದ ಬೆಟ್ಟಗಳಲ್ಲಿ ಬಿಳಿಯರ ಕಾಫಿ ತೋಟಗಳು ಹಬ್ಬಿದ್ದು 1830ರ ದಶಕದಿಂದೀಚೆಗೆ. ಕಾಫಿಗೆ ಕೊಯ್ಲಿನ ಕಾಲದಲ್ಲಿ ಮಾತ್ರ ಹೆಚ್ಚು ಆಳು ಬೇಕು. ತಮಿಳುನಾಡಿನ ಒಣ ಜಿಲ್ಲೆಗಳಿಂದ ಬಂದವರು ಕೊಯ್ಲು ಮುಗಿಸಿ ಊರಿಗೆ ಹಿಂದಿರುಗುತ್ತಿದ್ದರು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕುರೋಗವು ಮುಂದಿನ ಎರಡು ದಶಕಗಳಲ್ಲಿ ಕಾಫಿಯನ್ನು ನಿರ್ನಾಮ ಮಾಡಿತು. ಅದರ ಜಾಗಕ್ಕೆ ಚಹಾ ಬಂದಿತು. ಚಹಾ ಗಿಡ ವರ್ಷವಿಡೀ ಚಿಗುರುತ್ತದೆ, ವರ್ಷವಿಡೀ ಕೈಗಳನ್ನು ಬೇಡುತ್ತದೆ. ಹೀಗೆ ಬಂದುಹೋಗುತ್ತಿದ್ದ ಆಳು ಹೆಂಡಿರು ಮಕ್ಕಳೊಡನೆ ತೋಟದ ಸಾಲುಮನೆಗಳಲ್ಲಿ ನೆಲೆ ನಿಂತನು.

ಅವನನ್ನು ಕರೆತಂದವನು ಕಂಗಾಣಿ. ಹೆಸರಿನಲ್ಲಿಯೇ ಕಣ್ಣಿದೆ, ಕಾಣುವಿಕೆಯಿದೆ, ಮೇಲ್ವಿಚಾರಕನೆಂದು ಅರ್ಥ. ತೋಟದ ದೊರೆಯಿಂದ ಮುಂಗಡ ಪಡೆದು ಅವನು ತನ್ನ ಊರಿಗೆ ಹೋಗುವನು. ಬಂಧುಗಳಿಗೆ, ನೆರೆಯವರಿಗೆ ಊರಿನ ಸಾಲ ತೀರಿಸಲು, ದಾರಿಯ ಖರ್ಚಿಗೆ ಹಣ ಕೊಟ್ಟು ಗುಂಪು ಕಟ್ಟಿಕೊಂಡು ಕಡಲು ದಾಟಿಸುವನು. ಆ ಹಣವೆಲ್ಲ ಆಳುಗಳ ಹೆಸರಿನಲ್ಲಿ ಸಾಲವಾಗುತ್ತಿತ್ತು. ಕೆಲಸಕ್ಕೆ ಹಾಜರಾದ ಪ್ರತಿ ತಲೆಗೂ ಇಷ್ಟೆಂದು ಕಂಗಾಣಿಗೆ ದಿನವೂ ಕಾಸು ಸಿಕ್ಕುತ್ತಿತ್ತು. ಅವನು ಕೆಟ್ಟವನೇ ಆಗಿರಬೇಕೆಂದಿಲ್ಲ. ಎಷ್ಟೋ ವೇಳೆ ಗುಂಪಿನ ಹಿರಿಯನೂ ಅವನೇ, ಪರದೇಶದಲ್ಲಿ ಕಷ್ಟಸುಖ ವಿಚಾರಿಸುವವನೂ ಅವನೇ. ಆದರೆ ದೊರೆಗೂ ಆಳಿಗೂ ನಡುವೆ ಮಾತು, ಹಣ, ಲೆಕ್ಕ ಮೂರೂ ಅವನೊಬ್ಬನ ಮೂಲಕವೇ ಹರಿಯಬೇಕಾಗಿತ್ತು.

ಕಂಗಾಣಿಗೆ ಬೇರೊಂದು ತೋಟಕ್ಕೆ ಹೋಗಬೇಕೆನಿಸಿದರೆ ದೊರೆಯನ್ನು ಒಂದು ಚೀಟಿ ಕೇಳುತ್ತಿದ್ದ. ಇಂಥ ಕಂಗಾಣಿಯನ್ನೂ ಅವನ ಇಷ್ಟು ಆಳುಗಳನ್ನೂ, ಇಷ್ಟು ರೂಪಾಯಿ ಸಾಲ ಸಂದಾಯವಾದರೆ ಬಿಟ್ಟುಕೊಡಲು ಒಪ್ಪಿದ್ದೇನೆ ಎಂಬುದು ಅದರ ಸಾರಾಂಶ. ಇದೇ ತುಂಡು. ಒಬ್ಬ ತೋಟಗಾರನು ಮತ್ತೊಬ್ಬನಿಗೆ ಬರೆದ ಸಭ್ಯವಾದ ಪತ್ರವೆಂದೇ ಅದು ತೋರುತ್ತದೆ. ಹೊಸ ದೊರೆಯು ಹಣವನ್ನು ಹಳೆಯ ದೊರೆಗೆ ಕಳುಹಿಸುವನು. ಆಳುಗಳು ಗಂಟುಮೂಟೆ ಕಟ್ಟುವರು.

ಆದರೆ ಚೀಟಿಯು ಕಂಗಾಣಿಯ ಜೇಬಿಗೆ ಬಿದ್ದೊಡನೆ ಅದರ ಸ್ವಭಾವ ಬೇರೆಯಾಗುತ್ತಿತ್ತು. ಮೂವತ್ತು ಆಳುಗಳ ಮೇಲೆ 1,500 ರೂಪಾಯಿ ಸಾಲವಿದೆಯೆಂದು ಇಟ್ಟುಕೊಳ್ಳೋಣ. ಕಂಗಾಣಿ ಆ ತುಂಡನ್ನು ಹಿಡಿದು ತೋಟದಿಂದ ತೋಟಕ್ಕೆ ಅಲೆಯುತ್ತಾನೆ. ಯಾರು 1,500ರ ಮೇಲೆ ಇನ್ನೂ 300 ಮುಂಗಡ ಕೊಡುವರೋ ಅವರ ತೋಟಕ್ಕೆ ಗುಂಪು ನಡೆಯುತ್ತದೆ. ಆ 300 ಕಂಗಾಣಿಯ ಕೈಗೆ; ಸಾಲ ಮಾತ್ರ ಆಳುಗಳ ತಲೆಗೆ. ತಲೆಗೆ ಐವತ್ತಿದ್ದದ್ದು ಅರವತ್ತಾಯಿತು. ಕೆಲವರು ಹೋಗುವ ಮನಸ್ಸೇ ಇಲ್ಲದೆ ತುಂಡು ಕೇಳಿ, ಅದನ್ನೇ ಬೆದರಿಕೆ ಮಾಡಿಕೊಂಡು ಇದ್ದ ದೊರೆಯಿಂದಲೇ ಹೊಸ ಸಾಲ ಎತ್ತುತ್ತಿದ್ದರು. ಕಂಗಾಣಿಯ ಸ್ವಂತ ಖರ್ಚೂ ಗುಂಪಿನ ಲೆಕ್ಕದಲ್ಲಿ ಸೇರಿಹೋಗುತ್ತಿತ್ತು. ಓದುಬಾರದ ಆಳಿಗೆ ತನ್ನ ಹೆಸರಿನಲ್ಲಿ ಏನು ಬರೆದಿದೆಯೆಂಬುದೇ ತಿಳಿಯದು.

ಅವನು ತಾನಾಗಿ ಬಿಟ್ಟುಹೋಗಬಹುದಾಗಿತ್ತಲ್ಲ ಎಂದು ಕೇಳಬಹುದು. 1865ರ ಕಾಯಿದೆಯ ಪ್ರಕಾರ ಮುನ್ಸೂಚನೆ ಕೊಡದೆ ಕೆಲಸ ಬಿಟ್ಟವನಿಗೆ ಸೆರೆಮನೆ ಕಾದಿತ್ತು. ಬಿಡುಗಡೆಯ ಕಾಗದವಿಲ್ಲದವನು ಇನ್ನೊಂದು ತೋಟ ಸೇರುವುದೂ ಸುಲಭವಲ್ಲ. ಕಂಗಾಣಿಯ ಪಾಲಿಗೆ ತುಂಡು ಬಾಗಿಲಾಗಿದ್ದರೆ ಆಳಿನ ಪಾಲಿಗೆ ಅದೇ ಅಗಳಿ.

ಈ ವಂಚನೆ ದೊರೆಗಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಕಂಗಾಣಿಗಳು ತಮ್ಮನ್ನು ಸುಲಿಯುತ್ತಿದ್ದಾರೆಂದು ಗೊಣಗುತ್ತ ಅವರೇ ತುಂಡು ಬರೆಯುತ್ತಿದ್ದರು, ಅವರೇ ಕೊಳ್ಳುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರಬ್ಬರ್ ಬೆಳೆ ಹಬ್ಬಿ ಆಳುಗಳಿಗೆ ಪೈಪೋಟಿ ಎದ್ದಾಗ ಈ ವ್ಯಾಪಾರ ಇನ್ನಷ್ಟು ಬಿಸಿಯಾಯಿತು. ನೆರೆಯವನ ತೋಟದಿಂದ ಆಳು ಸೆಳೆಯುವುದಕ್ಕೆ ತುಂಡಿನಷ್ಟು ಸುಲಭವಾದ ಸಾಧನ ಬೇರೆ ಇರಲಿಲ್ಲ. 1908ರಲ್ಲಿ ಕಾರ್ಮಿಕ ಆಯೋಗವೊಂದು ವಿಚಾರಣೆ ನಡೆಸಿತು. ಆದರೂ ತುಂಡು ಕಾನೂನಿನಿಂದ ರದ್ದಾದದ್ದು 1921ರಲ್ಲಿ, 43ನೆಯ ಸುಗ್ರೀವಾಜ್ಞೆಯ ಮೂಲಕ. ಚೀಟಿ ಹೋಯಿತು, ಕಂಗಾಣಿ ಉಳಿದ.

ಇದು ಪರದೇಶದ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಕಂಗಾಣಿಯ ಸ್ಥಾನದಲ್ಲಿ ಮೇಸ್ತ್ರಿಯಿದ್ದ. ಮುಂಗಡ ಪಡೆದು ಘಟ್ಟ ಹತ್ತಿದ ಆಳು ಕೆಲಸ ಬಿಟ್ಟರೆ ಅವನನ್ನು ಹಿಡಿತರಲು 1859ರ ಕಾಯಿದೆಯೊಂದಿತ್ತು. ಅದು ರದ್ದಾಗಲು 1925ರವರೆಗೆ ಕಾಯಬೇಕಾಯಿತು. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿದವರಿಗೆ ತೋಟದ ಸಾಲವೆಂಬುದು ಒಂದು ಗುಡಿಸಲಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೇಗೆ ಸೆಳೆದುಕೊಳ್ಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ತುಂಡಿನ ಚರಿತ್ರೆಯನ್ನು ಓದುವಾಗ ನನ್ನ ಮನಸ್ಸನ್ನು ಕಲಕಿದ್ದು ಕಂಗಾಣಿಯ ಕುಟಿಲತೆಯಲ್ಲ. ಒಬ್ಬ ಬರೆಯುತ್ತಾನೆ, ಒಬ್ಬ ಹೊರುತ್ತಾನೆ, ಇನ್ನೊಬ್ಬ ಓದಿ ಹಣ ಕೊಡುತ್ತಾನೆ. ಯಾರ ವಿಷಯವಾಗಿ ಬರೆದಿದೆಯೋ ಅವನು ಮಾತ್ರ ಆ ಕಾಗದವನ್ನು ಮುಟ್ಟುವುದೇ ಇಲ್ಲ. 1939ರಲ್ಲಿ ಭಾರತ ಸರಕಾರವು ಸಿಂಹಳಕ್ಕೆ ಕೂಲಿಗಳ ವಲಸೆಯನ್ನು ನಿಷೇಧಿಸಿತು. 1948ರಲ್ಲಿ ಸ್ವತಂತ್ರ ಸಿಂಹಳದ ಪೌರತ್ವ ಕಾಯಿದೆ ಬಂದಿತು. ಈ ಮಂದಿಯಲ್ಲಿ ಬಹುಪಾಲು ಜನರಿಗೆ, ತಾವು ಆ ನಾಡಿನವರೆಂದು ತೋರಿಸಲು ಬೇಕಾದ ದಾಖಲೆ ಇರಲಿಲ್ಲ. ತೋಟದಿಂದ ತೋಟಕ್ಕೆ ಅವರನ್ನು ಸಾಗಿಸಲು ಇದ್ದ ಕಾಗದ, ಮೂರು ತಲೆಮಾರು ದುಡಿದ ನೆಲದಲ್ಲಿ ಅವರನ್ನು ಉಳಿಸಿಕೊಳ್ಳಲು ಸಿಕ್ಕಲಿಲ್ಲ.

ಸುಳ್ಯದ ಆ ವೃದ್ಧೆ ನಾನು ಹೊರಡುವ ಮುನ್ನ ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟರು. ಇನ್ನೂ ಅದರ ಅಗತ್ಯವಿದೆಯೆ ಎಂದು ಕೇಳಿದೆ. “ಇದೊಂದು ನಮ್ಮ ಕೈಯಲ್ಲೇ ಇದೆಯಲ್ಲ” ಎಂದರು.